ಬೆಟ್ಟದಲ್ಲಿ ನಿಂಬೆ ವಾಸನೆ ಬರುವ ಆ ಹುಲ್ಲು ಯಾವುದು?

ಓದುಗರ ಪ್ರಶ್ನೆ: ಚಾರಣಕ್ಕೆ ಹೋದಾಗ ಬೆಟ್ಟದ ಹುಲ್ಲುಗಾವಲಿನಲ್ಲಿ ನಿಂಬೆಹಣ್ಣಿನ ವಾಸನೆ ಬಂತು. ಒಂದು ಗರಿ ಕಿತ್ತು ಉಜ್ಜಿದರೆ ಅದೇ ವಾಸನೆ, ಇನ್ನೂ ಜೋರಾಗಿ. ಇದು ನಮ್ಮ ಹಿತ್ತಲಿನ ಮಜ್ಜಿಗೆ ಹುಲ್ಲೇನಾ? ಕಿತ್ತು ತಂದು ಟೀಗೆ ಹಾಕಬಹುದಾ?

ಉತ್ತರ: ಹತ್ತಿರದ ನೆಂಟ ಹೌದು, ಅದೇ ಹುಲ್ಲಲ್ಲ.

ಹಿತ್ತಲಲ್ಲಿ ಬೆಳೆಸಿ ಕಷಾಯಕ್ಕೆ, ಮಜ್ಜಿಗೆಗೆ ಹಾಕುವ ಹುಲ್ಲಿನ ಸಸ್ಯಶಾಸ್ತ್ರದ ಹೆಸರು ಸಿಂಬೊಪೊಗಾನ್ ಸಿಟ್ರೇಟಸ್. ಅದು ಜನ ನೆಟ್ಟು ಉಳಿಸಿಕೊಂಡು ಬಂದ ಹುಲ್ಲು. ಹೂ ಬಿಡುವುದು ತೀರಾ ಅಪರೂಪ. ಬುಡ ಸೀಳಿ ನೆಟ್ಟರಷ್ಟೇ ಹೊಸ ಗಿಡ. ಹಾಗಾಗಿ ಅದು ಬೆಟ್ಟದ ಮೇಲೆ ತಾನಾಗಿ ಹಬ್ಬುವುದಿಲ್ಲ. ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ ನಿಂಬೆ ವಾಸನೆ ಬಂದರೆ ಮೊದಲು ನೆನೆಯಬೇಕಾದದ್ದು ಅದೇ ಕುಲದ, ಅಂದರೆ ಸಿಂಬೊಪೊಗಾನ್ ಗುಂಪಿನ ಇನ್ನೊಂದು ಹುಲ್ಲನ್ನು, ಸಿಂಬೊಪೊಗಾನ್ ಫ್ಲೆಕ್ಸುಯೋಸಸ್. ಇದು ದಕ್ಷಿಣ ಭಾರತದ್ದೇ ಕಾಡುಹುಲ್ಲು. ಇದರ ಎಣ್ಣೆ ಕೊಚ್ಚಿ ಬಂದರಿನಿಂದ ಹೊರದೇಶಗಳಿಗೆ ಹೋಗಿ 'ಕೊಚ್ಚಿನ್ ಎಣ್ಣೆ' ಅಂತಲೇ ಹೆಸರಾಯಿತು. ಕೇರಳದ ಓಡಕ್ಕಾಲಿಯಲ್ಲಿ 1951ರಲ್ಲಿ ಈ ಹುಲ್ಲಿಗೆಂದೇ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. 'ಸುಗಂಧಿ' ಅನ್ನುವ ತಳಿ ಅಲ್ಲಿಯದು.

ಎರಡರಲ್ಲೂ ನಿಂಬೆ ವಾಸನೆಗೆ ಕಾರಣ ಸಿಟ್ರಾಲ್ ಎಂಬ ರಾಸಾಯನಿಕ. ನಿಂಬೆಸಿಪ್ಪೆಯ ಎಣ್ಣೆಯಲ್ಲೂ ಸಿಟ್ರಾಲ್ ಇದೆ, ಆದರೆ ಸ್ವಲ್ಪವೇ. ಈ ಹುಲ್ಲಿನ ಎಣ್ಣೆಯಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಅದೇ ಇರುತ್ತದೆ. ಎಣ್ಣೆ ಎಲೆಯೊಳಗಿನ ಸಣ್ಣ ಸಣ್ಣ ಕೋಶಗಳಲ್ಲಿರುತ್ತದೆ. ತುಳಿದಾಗ, ಉಜ್ಜಿದಾಗ ಅವು ಒಡೆಯುತ್ತವೆ. ನಿಮಗೆ ನಡೆಯುವಾಗ ವಾಸನೆ ಬಂದದ್ದು ಅದಕ್ಕೇ. ಹುಲ್ಲು ನಿಮ್ಮ ಕಾಲಡಿಯಲ್ಲೇ ಇತ್ತು.

ಆದರೆ ಮೂಗನ್ನು ಮಾತ್ರ ನಂಬಿ ಹೆಸರು ಹೇಳುವುದು ಕಷ್ಟ. ವಾಸನೆಯಿಂದ ಕುಲ ಯಾವುದೆಂದು ಊಹಿಸಬಹುದು, ಜಾತಿ ಗೊತ್ತಾಗುವುದು ತೆನೆ ನೋಡಿದಾಗ. ಒಂದೇ ಜಾತಿಯಲ್ಲೂ ಬುಡದಿಂದ ಬುಡಕ್ಕೆ ಎಣ್ಣೆ ಬೇರೆಯಾಗುವುದುಂಟು. ರೋಶಾ ಹುಲ್ಲನ್ನೇ ನೋಡಿ. ಒಣಕಾಡಿನ ಬಿಸಿಲು ಗುಡ್ಡಗಳಲ್ಲಿ ಬೆಳೆಯುವ ಇದರ ಹೆಸರು ಸಿಂಬೊಪೊಗಾನ್ ಮಾರ್ಟಿನಿ. ಇದರಲ್ಲಿ ಮೋತಿಯಾ, ಸೋಫಿಯಾ ಅಂತ ಎರಡು ಬಗೆ. ಕಣ್ಣಿಗೆ ಎರಡೂ ಒಂದೇ ಥರ. ಮೋತಿಯಾದಲ್ಲಿ ಜೆರಾನಿಯಾಲ್ ಎಂಬ ಪರಿಮಳದ ಅಂಶ ಜಾಸ್ತಿ, ಉಜ್ಜಿದರೆ ಗುಲಾಬಿ ನೆನಪಾಗುತ್ತದೆ. ಹಿಂದೆ ಈ ಎಣ್ಣೆ ಮುಂಬೈಯಿಂದ ತುರ್ಕಿಗೆ ಹೋಗಿ ಗುಲಾಬಿ ಅತ್ತರಿಗೆ ಕಲಬೆರಕೆಯಾಗುತ್ತಿತ್ತು, ಅಷ್ಟು ಹತ್ತಿರದ ಪರಿಮಳ! ತಗ್ಗಿನ ತೇವದ ಜಾಗದಲ್ಲಿ ಬರುವ ಸೋಫಿಯಾದ್ದು ಒರಟು ವಾಸನೆ.

ಹಾಗಾದರೆ ಏನು ನೋಡಬೇಕು? ಮೊದಲು ಬುಡ. ಹಿತ್ತಲಿನ ಹುಲ್ಲಿನ ಬುಡ ಈರುಳ್ಳಿ ದಂಟಿನ ಹಾಗೆ ದಪ್ಪಗೆ ಉಬ್ಬಿರುತ್ತದೆ, ಗರಿ ಅಗಲವಾಗಿ ಬಾಗಿರುತ್ತದೆ. ಕಾಡಿನದ್ದರ ಬುಡ ಅಷ್ಟು ದಪ್ಪಗಿರುವುದಿಲ್ಲ. ತೆನೆ ಬಂದಾಗ ಅದು ಆಳೆತ್ತರವನ್ನೂ ದಾಟುತ್ತದೆ. ಆಮೇಲೆ ಗರಿ ಕಾಂಡಕ್ಕೆ ಸೇರುವ ಜಾಗ. ರೋಶಾ ಹುಲ್ಲಿನ ಗರಿಯ ತಳ ಹೃದಯದ ಆಕಾರದಲ್ಲಿ ಅಗಲವಾಗಿ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ನಿಂಬೆ ವಾಸನೆಯ ಹುಲ್ಲುಗಳ ಗರಿ ತಳದ ಕಡೆಗೆ ಕಿರಿದಾಗುತ್ತ ಬರುತ್ತದೆ.

ನಿಜವಾದ ಗುರುತು ತೆನೆಯಲ್ಲಿದೆ. ಇದಕ್ಕೆ ಮಳೆ ಮುಗಿಯುವವರೆಗೆ ಕಾಯಬೇಕು. ದೀಪಾವಳಿಯ ಆಚೀಚೆ ಹೋದರೆ ಒಳ್ಳೆಯದು. ಈ ಕುಲದ ಎಲ್ಲ ಹುಲ್ಲುಗಳಲ್ಲೂ ತೆನೆಯ ಕವಲುಗಳ ತುದಿಯಲ್ಲಿ ಸಣ್ಣ ದೋಣಿಯಾಕಾರದ ಹೊದಿಕೆಗಳಿರುತ್ತವೆ. ಬಲಿತಾಗ ಬಹಳಷ್ಟಕ್ಕೆ ಕೆಂಪು ಬಣ್ಣ ಬರುತ್ತದೆ. ಪ್ರತಿ ಹೊದಿಕೆಯಿಂದ ಎರಡು ಕಿರುತೆನೆಗಳು ಜೋಡಿಯಾಗಿ ಕವಲೊಡೆದು ಹೊರಬರುತ್ತವೆ. ಜೋಡಿ ಕಂಡಿತೆಂದರೆ, ಜೊತೆಗೆ ಗರಿಯಲ್ಲಿ ಪರಿಮಳವಿದ್ದರೆ, ಕುಲದ ಬಗ್ಗೆ ಅನುಮಾನ ಬೇಡ. ಫ್ಲೆಕ್ಸುಯೋಸಸ್‌ನ ಇಡೀ ತೆನೆ ದೊಡ್ಡದು, ಸಡಿಲವಾದದ್ದು, ಭಾರಕ್ಕೆ ಬಾಗಿ ತೂಗುತ್ತಿರುತ್ತದೆ.

ಘಟ್ಟದ ಹುಲ್ಲುಗಾವಲಿನಲ್ಲಿ ಮೋಸ ಮಾಡುವ ಹುಲ್ಲು ಥೆಮೆಡ. ಅದಕ್ಕೂ ಕೆಂಚು ಬಣ್ಣದ ದೋಣಿಯಂಥ ಹೊದಿಕೆಗಳಿವೆ. ದೂರದಿಂದ, ಫೋಟೋದಲ್ಲಿ ಗೊಂದಲವಾಗುವುದು ಸಹಜ. ಆದರೆ ಅದರ ಗರಿ ಉಜ್ಜಿದರೆ ಬರೀ ಹಸಿ ಹುಲ್ಲಿನ ವಾಸನೆ. ಲಾವಂಚದ ವಿಷಯ ಬೇರೆ. ಅದರ ಪರಿಮಳ ಇರುವುದು ಬೇರಿನಲ್ಲಿ, ಗರಿಯಲ್ಲಿ ಅಲ್ಲ.

ಇಂಗ್ಲೆಂಡಿನಲ್ಲಿರುವ ಓದುಗರಿಗೆ ಒಂದು ಮಾತು: ಅಲ್ಲಿನ ಹುಲ್ಲುಗಾವಲಿನ ಸಿಹಿ ಪರಿಮಳದ ಹುಲ್ಲು ಆಂಥೊಕ್ಸಾಂಥಮ್ ಒಡೊರೇಟಮ್. ಅದರದ್ದು ಕೂಮರಿನ್ ಎಂಬ ಬೇರೆಯೇ ರಾಸಾಯನಿಕದ ವಾಸನೆ, ಹುಲ್ಲು ಕೊಯ್ದು ಒಣಗಿಸಿದಾಗ ಏರುತ್ತದೆ. ನಮ್ಮ ಬೆಟ್ಟದ ಹುಲ್ಲಿಗೂ ಅದಕ್ಕೂ ಹತ್ತಿರದ ಸಂಬಂಧವಿಲ್ಲ.

ಇನ್ನು ಟೀ ವಿಷಯ. ಬೇಡ ಅಂತಲೇ ನನ್ನ ಸಲಹೆ. ಪರಿಮಳವಿದೆ ಅಂದ ಮಾತ್ರಕ್ಕೆ ಕುಡಿಯಲು ಸರಿ ಅಂತಲ್ಲ. ಜೌಗು ಜಾಗದಲ್ಲಿ ಬೆಳೆಯುವ ಬಜೆಯ ಎಲೆಯೂ ಉದ್ದಕ್ಕೆ ಕತ್ತಿಯಂತಿದ್ದು ಘಮಘಮಿಸುತ್ತದೆ. ಅದು ಹುಲ್ಲೇ ಅಲ್ಲ, ಅದರಲ್ಲಿರುವ ಬೀಟಾ ಅಸರೋನ್ ಎಂಬ ರಾಸಾಯನಿಕ ದೇಹಕ್ಕೆ ಒಳ್ಳೆಯದಲ್ಲ. ಗುರುತು ಸರಿಯಾಗಿ ಸಿಗದ ಗಿಡವನ್ನು ಪಾತ್ರೆಗೆ ಹಾಕಬೇಡಿ. ಮೇಲಾಗಿ ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಿ ಗಿಡ ಕೀಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು. ಆ ಇಳಿಜಾರಿನ ಮಣ್ಣನ್ನು ಘಟ್ಟದ ಮಳೆಯಲ್ಲಿ ಹಿಡಿದಿಟ್ಟಿರುವುದೇ ಈ ಹುಲ್ಲಿನ ಬುಡಗಳು. ಒಬ್ಬೊಬ್ಬರೂ ಒಂದೊಂದು ಬುಡ ಕಿತ್ತರೆ ಚಾರಣದ ದಾರಿಯ ಎರಡೂ ಬದಿ ಬೋಳಾಗುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಗುರುತು ಹಿಡಿಯಬೇಕಿದ್ದರೆ ಫೋಟೋ ಸಾಕು. ಇಡೀ ಬುಡದ್ದೊಂದು, ಗರಿ ಕಾಂಡಕ್ಕೆ ಸೇರುವ ಜಾಗದ್ದೊಂದು, ತೆನೆಯ ಜೋಡಿ ಕಾಣುವಂತೆ ಹತ್ತಿರದಿಂದ ಇನ್ನೊಂದು. ಜೊತೆಗೆ ಊರು, ತಿಂಗಳು, ವಾಸನೆ ಹೇಗಿತ್ತು ಅಂತ ಬರೆದಿಟ್ಟುಕೊಳ್ಳಿ. ಫೋಟೋದಲ್ಲಿ ವಾಸನೆ ಬರುವುದಿಲ್ಲ ಅಲ್ವಾ? ಟೀಗೆ ಬೇಕಿದ್ದರೆ ಪಕ್ಕದ ಮನೆಯವರ ಹಿತ್ತಲಿನಿಂದ ಮಜ್ಜಿಗೆ ಹುಲ್ಲಿನ ಒಂದು ಸೀಳು ಕೇಳಿ ತನ್ನಿ. ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ಮಳೆಗಾಲದ ಶುರುವಿನಲ್ಲಿ ನೆಟ್ಟರೆ ಸುಲಭವಾಗಿ ಹತ್ತುತ್ತದೆ.