ಕೋರಿಲೇಶನ್ 1 ಬಂದರೆ ಮೊದಲು ಅನುಮಾನಪಡಿ

ಎಮಿಷನ್ ಡೇಟಾ, ಅಂದರೆ ಗಾಳಿಗೆ ಯಾವ ರಾಸಾಯನಿಕ ಎಷ್ಟು ಸೇರಿತು ಅನ್ನುವ ಅಂಕಿಗಳು, ಕೈಗೆ ಬಂದ ತಕ್ಷಣ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಎಲ್ಲ ರಾಸಾಯನಿಕಗಳನ್ನೂ ಅಡ್ಡಕ್ಕೂ ಉದ್ದಕ್ಕೂ ಜೋಡಿಸಿ, ಕೋರಿಲೇಶನ್ (ಎರಡು ಅಂಕಿಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಅನ್ನುವ −1ರಿಂದ 1ರವರೆಗಿನ ಸಂಖ್ಯೆ) ತೆಗೆದು, ಪ್ರತಿ ಜೋಡಿಗೂ ಒಂದು ಬಣ್ಣದ ಚೌಕ ಇರುವ ಹೀಟ್‌ಮ್ಯಾಪ್ ಮಾಡುವುದು. ಪೈಥಾನ್‌ನ ಡೇಟಾ ಲೈಬ್ರರಿ ಪಾಂಡಾಸ್‌ನಲ್ಲಿ ಲೆಕ್ಕಕ್ಕೆ ಒಂದು ಸಾಲು ಕೋಡ್ ಸಾಕು. ಆ ಬಣ್ಣ ಏನು ಹೇಳುತ್ತಿದೆ ಅಂತ ತಿಳಿಯುವುದೇ ಕಷ್ಟ.

ಇಂಥ ಕೋಷ್ಟಕ ಬಂದರೆ ನಾನು ಮೊದಲು ಹುಡುಕುವುದು 1ಕ್ಕೆ ತೀರಾ ಹತ್ತಿರ ಇರುವ ಚೌಕಗಳನ್ನು. ಖುಷಿಗಲ್ಲ, ಅನುಮಾನಕ್ಕೆ. ಲೆಕ್ಕ ಹಾಕಿ ತಯಾರಿಸಿದ ಇನ್ವೆಂಟರಿಗಳಲ್ಲಿ (ಯಾವ ಮೂಲದಿಂದ ಎಷ್ಟು ಹೊರಬಿತ್ತು ಅನ್ನುವ ಪಟ್ಟಿಗಳಲ್ಲಿ) ಬೆಂಜೀನ್, ಟಾಲ್ಯೂಈನ್‌ಗಳನ್ನು ಸಾಮಾನ್ಯವಾಗಿ ಯಾರೂ ಬೇರೆ ಬೇರೆ ಅಳೆದಿರುವುದಿಲ್ಲ. ಸುಟ್ಟ ಇಂಧನವನ್ನು ಎಮಿಷನ್ ಫ್ಯಾಕ್ಟರ್‌ನಿಂದ (ಇಷ್ಟು ಇಂಧನಕ್ಕೆ ಇಷ್ಟು ಆವಿ ಅನ್ನುವ ಅಂಕಿಯಿಂದ) ಗುಣಿಸಿ ಒಟ್ಟು ಸಾವಯವ ಆವಿ ಎಷ್ಟು ಅಂತ ತೆಗೆಯುತ್ತಾರೆ. ಆಮೇಲೆ ಅದನ್ನು ನಿಗದಿತ ಪಾಲಿನಲ್ಲಿ ಹಂಚುತ್ತಾರೆ. ಒಂದೇ ಮೂಲದ ಡೇಟಾ ಆದರೆ ಕೋರಿಲೇಶನ್ 1 ಬರದೆ ಇನ್ನೇನು ಬರುತ್ತೆ? ಅಲ್ಲಿ ಕಾಣುವುದು ಮಗ್ಗಿ ಅಷ್ಟೇ.

ಅಳೆದ ಡೇಟಾದಲ್ಲಿ ಕಳ್ಳ ಬೇರೆ. ಉಪಕರಣ ನಿಂತಾಗ ಕೆಲವು ಫೈಲುಗಳಲ್ಲಿ −999 ಅಂತ ತುಂಬಿರುತ್ತಾರೆ. ಒಂದು ಕಾಲಮ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 0.5ರ ಆಸುಪಾಸು, ಇನ್ನೊಂದರಲ್ಲಿ ನೈಟ್ರೋಜನ್ ಆಕ್ಸೈಡ್‌ಗಳು 40ರ ಆಸುಪಾಸು, 20ರಷ್ಟು ಏರಿಳಿತ ಅಂತಿಟ್ಟುಕೊಳ್ಳಿ. ಎರಡಕ್ಕೂ ಏನೇನೂ ಸಂಬಂಧವಿಲ್ಲ. ಸಾವಿರ ಸಾಲುಗಳಲ್ಲಿ ಬರೀ ಹತ್ತರಲ್ಲಿ ಎರಡೂ ಕಡೆ −999 ಕೂತರೆ ಕೋರಿಲೇಶನ್ 0.98ಕ್ಕೆ ಹಾರುತ್ತದೆ! ಪ್ರತಿ ಸಾಲಿಗೂ ಒಂದು ಚುಕ್ಕೆ ಇಡುವ ಸ್ಕ್ಯಾಟರ್ ಪ್ಲಾಟ್ ಹಾಕಿದ್ದರೆ ಎರಡು ಮೂಲೆಗೆ ಎರಡು ಗುಂಪು ಒಂದೇ ನೋಟಕ್ಕೆ ಕಾಣುತ್ತಿತ್ತು. ಹೀಟ್‌ಮ್ಯಾಪ್‌ನಲ್ಲಿ ಸುಮ್ನೆ ಗಾಢ ಕೆಂಪು. ನಕ್ಷೆಯನ್ನು ಚೌಕಗಳಾಗಿ ಹಂಚಿದ ಗ್ರಿಡ್ ಡೇಟಾದಲ್ಲಿ ಸೊನ್ನೆಗಳೂ ಇದೇ ಆಟ ಆಡುತ್ತವೆ: ಸಮುದ್ರದ ಮೇಲಿನ ಖಾಲಿ ಚೌಕಗಳಲ್ಲಿ ಎಲ್ಲ ಅನಿಲಗಳೂ ಒಟ್ಟಿಗೆ ಸೊನ್ನೆ.

ಹಾಗಂತ ಸಣ್ಣ ಸಂಖ್ಯೆ ಬಂದರೆ ಸಂಬಂಧವೇ ಇಲ್ಲ ಅಂತಲೂ ಅಲ್ಲ. ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ನೈಟ್ರಿಕ್ ಆಕ್ಸೈಡ್, ಓಝೋನ್ ಎರಡನ್ನೂ ಪ್ಲಾಟ್ ಮಾಡಿದರೆ ಚುಕ್ಕೆಗಳು ಎರಡು ಅಕ್ಷಗಳಿಗೂ ಅಂಟಿಕೊಂಡು ಬಾಗುತ್ತವೆ. ನೇರ ಗೆರೆ ಹುಡುಕುವ ಮಾಮೂಲಿ ಕೋರಿಲೇಶನ್ ಆದ ಪಿಯರ್ಸನ್‌ಗೆ ಅದು ಪೂರ್ತಿ ಸಿಗುವುದಿಲ್ಲ. ಬೆಲೆಯ ಬದಲು ದರ್ಜೆ (ಸಾಲಿನಲ್ಲಿ ಎಷ್ಟನೆಯದು ಅಂತ) ನೋಡುವ ಸ್ಪಿಯರ್‌ಮನ್ ಕೋರಿಲೇಶನ್‌ಗೆ ಸಾಮಾನ್ಯವಾಗಿ ಜಾಸ್ತಿ ಸಿಗುತ್ತದೆ. ಕೆಲವೇ ದೊಡ್ಡ ಬೆಲೆಗಳು ಇಡೀ ಲೆಕ್ಕವನ್ನು ಎಳೆಯುತ್ತಿದ್ದರೂ ಸ್ಪಿಯರ್‌ಮನ್ ಬಳಸುವುದು ಅಥವಾ ಬೆಲೆಗಳ ಲಾಗರಿದಮ್ ತೆಗೆದು ಲೆಕ್ಕ ಹಾಕುವುದು ವಾಸಿ.

ಗಾಳಿಯಲ್ಲಿ ಅಳೆದದ್ದಾದರೆ ಚುಕ್ಕೆಗಳಿಗೆ ಗಂಟೆಯ ಬಣ್ಣ ಕೊಡಿ. ರಾತ್ರಿ ನೆಲದ ಹತ್ತಿರದ ಗಾಳಿಯ ಪದರ ತೆಳುವಾಗುತ್ತದೆ, ಅಲ್ವಾ? ಆಗ ನೆಲಮಟ್ಟದಲ್ಲಿ ಬಿಟ್ಟದ್ದೆಲ್ಲ ಅಲ್ಲೇ ಸೇರಿಕೊಂಡು ಒಟ್ಟಿಗೆ ಏರುತ್ತದೆ, ಮೂಲ ಬೇರೆ ಬೇರೆ ಆಗಿದ್ದರೂ. ಹಗಲು ರಾತ್ರಿ ಬೇರೆ ಮಾಡಿ ಲೆಕ್ಕ ಹಾಕಿದಾಗಲೂ ಉಳಿಯುವ ಸಂಬಂಧವನ್ನು ನಾನು ಹೆಚ್ಚು ನಂಬುತ್ತೇನೆ.

ಹೀಟ್‌ಮ್ಯಾಪ್ ಬೇಕೇ ಬೇಕು ಅಂದರೆ ಬಣ್ಣದ ಅಳತೆ −1ರಿಂದ 1ರವರೆಗೆ ಇರಲಿ, ನಡುವೆ ಸೊನ್ನೆಗೆ ಬಿಳಿ. ಪಾಂಡಾಸ್ ಖಾಲಿ ಬೆಲೆಗಳನ್ನು ಜೋಡಿ ಜೋಡಿಯಾಗಿ ಬಿಡುವುದರಿಂದ ಒಂದು ಚೌಕ ಸಾವಿರ ಸಾಲಿನದ್ದು, ಪಕ್ಕದ್ದು ಮೂವತ್ತರದ್ದು ಆಗಿರಬಹುದು. ಪ್ರತಿ ಚೌಕದಲ್ಲೂ ಸಾಲುಗಳ ಸಂಖ್ಯೆಯನ್ನು ಸಣ್ಣಕ್ಷರದಲ್ಲಿ ಬರೆದುಬಿಡಿ.