ಪದ ಪರಿಚಯ: ಲಿಗಮೆಂಟ್ ಗಾಯ ಮತ್ತು ‘ಜೀನ್ ರಿಸ್ಕ್ ಫ್ಯಾಕ್ಟರ್’

ಹುಟ್ಟಿನಿಂದಲೇ ಬಂದ ಒಂದು ಜೀನ್ ವ್ಯತ್ಯಾಸ ಇದ್ದವರಲ್ಲಿ ಯಾವುದೋ ಒಂದು ತೊಂದರೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ ಕಂಡುಬಂದರೆ, ಆ ವ್ಯತ್ಯಾಸವನ್ನು ಜೀನ್ ರಿಸ್ಕ್ ಫ್ಯಾಕ್ಟರ್ ಅನ್ನುತ್ತಾರೆ. ಅದು ಇದ್ದವರಿಗೆಲ್ಲ ತೊಂದರೆ ಆಗೇ ಆಗುತ್ತದೆ ಅಂತಲ್ಲ. ಇಲ್ಲದವರು ಪಾರಾದರು ಅಂತಲೂ ಅಲ್ಲ.

ನಮ್ಮ ಕಲಬುರಗಿ ಕಡೆ ಕಬಡ್ಡಿ ಹುಡುಗರಿಗೆ ‘ಎಸಿಎಲ್ ಹೋಯ್ತು’ ಅನ್ನೋದು ಹೊಸ ಮಾತಲ್ಲ. ಎಸಿಎಲ್ ಅಂದರೆ ತೊಡೆಯ ಮೂಳೆಯನ್ನೂ ಕೆಳಗಿನ ಕಾಲಿನ ಮೂಳೆಯನ್ನೂ ಮೊಣಕಾಲಿನ ಒಳಗೆ ಬಿಗಿಯುವ ಒಂದು ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಗದಂತೆ ತಡೆಯುತ್ತದೆ. ರೈಡರ್ ಓಡುತ್ತಾ ಗಕ್ಕನೆ ತಿರುಗುತ್ತಾನೆ. ಪಾದ ಮ್ಯಾಟ್‌ಗೆ ಕಚ್ಚಿಕೊಂಡಿರುತ್ತದೆ, ಮೈ ಮಾತ್ರ ತಿರುಗುತ್ತದೆ. ಒಳಗೆ ‘ಟಕ್’ ಅನ್ನುತ್ತದೆ, ಕೆಲವೇ ತಾಸಿನಲ್ಲಿ ಮೊಣಕಾಲು ಊದುತ್ತದೆ. ಎಷ್ಟೋ ಸಲ ಎದುರಾಳಿ ಮುಟ್ಟಿಯೇ ಇರುವುದಿಲ್ಲ. ಆಗಲೇ ಬರುತ್ತದೆ ಈ ಪ್ರಶ್ನೆ: “ಅಣ್ಣಾ, ನಮ್ ಕಾಕಾಂದೂ ಮೊಣಕಾಲು ಹಿಂಗೇ ಹೋಗಿತ್ತು. ಇದು ನಮ್ ಮನಿತನದಾಗೇ ಅದ ಏನು?”

ಒಳ್ಳೆಯ ಪ್ರಶ್ನೆ. ಈ ಪಟ್ಟಿಯ ಬಹುಭಾಗ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳು. ಅದರ ಮುಖ್ಯ ಬಗೆಯನ್ನು ಕಟ್ಟುವ ಒಂದು ಜೀನ್ ಸಿಓಎಲ್1ಎ1. ಅದರಲ್ಲಿ ಡಿಎನ್‌ಎಯ ಒಂದೇ ಅಕ್ಷರ ಬದಲಾದ ಅಪರೂಪದ ರೂಪವೊಂದಿದೆ. ಅಪ್ಪ, ಅವ್ವ ಇಬ್ಬರಿಂದಲೂ ಅದೇ ರೂಪ ಪಡೆದವರು ಎಸಿಎಲ್ ಹರಿದುಕೊಂಡವರ ಗುಂಪಿನಲ್ಲಿ ಕಡಿಮೆ ಇದ್ದದ್ದು ಸ್ವೀಡನ್ ಮತ್ತು ದಕ್ಷಿಣ ಆಫ್ರಿಕಾದ ಅಧ್ಯಯನಗಳಲ್ಲಿ ಕಂಡಿತು. ಅಂದರೆ ಜೀನ್ ಕಾಪಾಡಲೂಬಹುದು. ಸಿಓಎಲ್5ಎ1, ಸಿಓಎಲ್12ಎ1 ಎಂಬ ಬೇರೆ ಕೊಲಾಜೆನ್ ಜೀನ್‌ಗಳ ಹೆಸರುಗಳೂ ಕೇಳಿಬರುತ್ತವೆ, ಆದರೆ ಎಲ್ಲ ದೇಶದ ಜನರಲ್ಲೂ ಒಂದೇ ಫಲಿತಾಂಶ ಬಂದಿಲ್ಲ.

ಜನ ಜಾಸ್ತಿ ತಪ್ಪು ತಿಳಿಯುವುದು ಒಂದು ಅಂಕಿಯನ್ನು. ಸ್ವೀಡನ್ನಿನ ಅವಳಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನ ಎಸಿಎಲ್ ಹರಿಯುವುದರಲ್ಲಿ ವಂಶದ ಪಾಲು ಸುಮಾರು ಶೇ 69 ಅಂದಿತು. ಹಾಗಂತ ನಿಮ್ಮ ಗಾಯದ ಶೇ 69ರಷ್ಟು ಅಪ್ಪನಿಂದ ಬಂತು ಅಂತ ಅರ್ಥವಲ್ಲ. ಒಂದೇ ಹೊಲ, ಒಂದೇ ಮಳೆ, ಆದರೂ ತೊಗರಿ ಗಿಡಗಳು ಹೆಚ್ಚುಕಡಿಮೆ ಬೆಳೆಯುತ್ತವೆ ಅಲ್ವಾ? ಆ ಹೆಚ್ಚುಕಡಿಮೆಗೆ ಬೀಜ ಎಷ್ಟು ಕಾರಣ ಅಂತ ಇಡೀ ಹೊಲ ನೋಡಿ ಹೇಳಬಹುದು, ಒಂದು ಗಿಡ ಹಿಡಿದು ಹೇಳಲಾಗದು. ಈ ಅಂಕಿಯೂ ಹಾಗೇ, ಇಡೀ ಗುಂಪಿನ ಲೆಕ್ಕ.

ಅದಕ್ಕೇ ಆಟಗಾರರಿಗೆ ಅಂತ ಮಾರುವ ಡಿಎನ್‌ಎ ಟೆಸ್ಟ್‌ಗೆ ಸುಮ್ನೆ ದುಡ್ಡು ಹಾಕಬೇಡಿ ಅಂತಲೇ ನಾನು ಹೇಳುತ್ತೇನೆ. ಯಾವ ಹುಡುಗನ ಮೊಣಕಾಲು ಹೋಗುತ್ತದೆ ಅಂತ ಅದು ಹೇಳಲಾರದು. ಮನೆಯಲ್ಲಿ ಅಪ್ಪ, ಅಣ್ಣ, ಅಕ್ಕ ಯಾರಿಗಾದರೂ ಆಗಿದ್ದರೆ ಕೋಚ್‌ಗೆ ಹೇಳಿ, ಅದು ಪುಕ್ಕಟೆ ಸಿಗುವ ಮಾಹಿತಿ. ಹುಡುಗಿಯರ ತಂಡಕ್ಕೆ ಇನ್ನೂ ಹೆಚ್ಚು ಗಮನ ಬೇಕು. ಒಂದೇ ಆಟದಲ್ಲಿ ಹುಡುಗರಿಗಿಂತ ಅವರಿಗೆ ಈ ಗಾಯ ಜಾಸ್ತಿ.

ಜೀನ್ ಬದಲಿಸಲಾಗದು, ನೆಲಕ್ಕಿಳಿಯುವ ರೀತಿ ಬದಲಿಸಬಹುದು. ಜಿಗಿದು ಇಳಿಯುವಾಗ ಎರಡೂ ಮೊಣಕಾಲು ಒಳಗೆ ವಾಲಬಾರದು, ಮಡಚಿರಬೇಕು, ಪಾದದ ನೇರಕ್ಕೇ ಇರಬೇಕು. ಒಂಟಿ ಕಾಲಿನ ಬ್ಯಾಲೆನ್ಸ್, ತೊಡೆಯ ಹಿಂಭಾಗದ ವ್ಯಾಯಾಮ, ತಿರುಗುವ ಅಭ್ಯಾಸ, ಇಂಥದ್ದನ್ನು ವಾರ್ಮ್‌ಅಪ್‌ನಲ್ಲೇ ಸೇರಿಸಿದ ತಂಡಗಳಲ್ಲಿ ಎಸಿಎಲ್ ಗಾಯ ಸುಮಾರು ಅರ್ಧಕ್ಕೆ ಇಳಿದದ್ದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ವಾರಕ್ಕೆ ಎರಡು ಮೂರು ಸಲ, 15-20 ನಿಮಿಷ ಸಾಕು. ಆದರೆ ಟೂರ್ನಿ ಹತ್ತಿರ ಬಂದಾಗ ಮಾತ್ರ ಮಾಡಿದರೆ ಆಗದು, ಸೀಸನ್ ಪೂರ್ತಿ ಮಾಡಬೇಕು.