ಹಸು ಯಾರು ನೋಡ್ಕೋತಾರೆ? ನಿರುದ್ಯೋಗದ ಲೆಕ್ಕ ಗೋಜಲಾದ ಕಥೆ

2023-24ರಲ್ಲಿ ನಮ್ಮ ದೇಶದ ನಿರುದ್ಯೋಗ ಎಷ್ಟಿತ್ತು? ಶೇ 3.2 ಅನ್ನುವುದು ಒಂದು ಉತ್ತರ. ಶೇ 4.9 ಅನ್ನುವುದು ಇನ್ನೊಂದು. ಎರಡೂ ಒಂದೇ ಸರ್ಕಾರಿ ಸಮೀಕ್ಷೆಯಿಂದ ಬಂದವು, ಒಂದೇ ವರದಿಯಲ್ಲಿ ಅಚ್ಚಾದವು. ಟಿವಿ ಚರ್ಚೆಯಲ್ಲಿ ಒಬ್ಬರು ಮೊದಲನೆಯದನ್ನು ಹಿಡಿದು ಬೀಗುತ್ತಾರೆ, ಎದುರಿಗಿದ್ದವರು ಎರಡನೆಯದನ್ನು ಹಿಡಿದು ಗುಡುಗುತ್ತಾರೆ. ಇಬ್ಬರದ್ದೂ ಸುಳ್ಳಲ್ಲ. ನೋಡುವವರಿಗೆ ಮಾತ್ರ ತಲೆ ಕೆಡುತ್ತದೆ.

ಇದು ಹೀಗೇಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳುವ ಹೊತ್ತಿಗೆ, 1945ರಲ್ಲಿ, ಅವರಿಗೆ ಕೆಲಸ ಹುಡುಕಿಕೊಡಲು ಒಂದು ಇಲಾಖೆ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅದರ ಬಾಗಿಲು ಎಲ್ಲರಿಗೂ ತೆರೆಯಿತು. ಅದೇ ನಮ್ಮ ಉದ್ಯೋಗ ವಿನಿಮಯ ಕಚೇರಿ. ಎಸ್ಸೆಸ್ಸೆಲ್ಸಿ ಪಾಸಾದ ತಕ್ಷಣ ಅಪ್ಪ ಕರೆದುಕೊಂಡು ಹೋಗಿ ಹೆಸರು ಬರೆಸುತ್ತಿದ್ದದ್ದು ಒಂದು ತಲೆಮಾರಿನವರಿಗೆ ನೆನಪಿರಬಹುದು. ಬಹಳ ಕಾಲ ಆ ರಿಜಿಸ್ಟರೇ ನಿರುದ್ಯೋಗದ ಕನ್ನಡಿ ಅಂತ ಜನ ನಂಬಿದ್ದರು. ಆದರೆ ಅದರಲ್ಲಿ ಕೆಲಸ ಸಿಕ್ಕಿದ ಮೇಲೂ ಹೆಸರು ತೆಗೆಸದವರಿದ್ದರು, ಇನ್ನೂ ಓದುತ್ತಿದ್ದವರಿದ್ದರು. ಗದ್ದೆಯಲ್ಲಿ ನಾಟಿ ಮುಗಿದ ಮೇಲೆ ಸುಮ್ನೆ ಕೂತ ಕೂಲಿಯವನ ಹೆಸರು ಮಾತ್ರ ಇರಲಿಲ್ಲ. ಅವನಿಗೆ ಆ ಕಚೇರಿ ಇರುವುದೇ ಗೊತ್ತಿರಲಿಲ್ಲ.

ಮನೆಮನೆಗೆ ಹೋಗಿ ಕೇಳುವ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಹುಟ್ಟಿತು. ಮೊದಲ ಪಂಚವಾರ್ಷಿಕ ಯೋಜನೆಗಳು ದೇಶದಲ್ಲಿ ಇಷ್ಟು ನಿರುದ್ಯೋಗಿಗಳಿದ್ದಾರೆ ಅಂತ ಒಂದೇ ಅಂಕಿ ಕೊಡುತ್ತಿದ್ದವು. ಆ ಅಂಕಿಯ ಮೇಲೆ ಅನುಮಾನ ಜಾಸ್ತಿಯಾಗಿ 1968ರಲ್ಲಿ ಅರ್ಥಶಾಸ್ತ್ರಜ್ಞ ಎಂ.ಎಲ್. ದಾಂತ್‌ವಾಲಾ ಅವರ ಮುಂದಾಳತ್ವದಲ್ಲಿ ಒಂದು ಸಮಿತಿ ಕೂತಿತು. 1970ರಲ್ಲಿ ಅವರು ಕೊಟ್ಟ ವರದಿಯ ತಿರುಳು ಇಷ್ಟೇ: ನಮ್ಮಂಥ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಲು ಆಗುವುದಿಲ್ಲ. ಕಾರ್ಖಾನೆ ಮುಚ್ಚಿದರೆ ಕೆಲಸ ಹೋಯಿತು ಅನ್ನಬಹುದು. ಎರಡು ಎಕರೆಯಲ್ಲಿ ನಾಲ್ಕು ಜನ ಉಳುವ ಮನೆಯಲ್ಲಿ ಕೆಲಸ ಯಾರಿಗಿದೆ, ಯಾರಿಗಿಲ್ಲ?

ಅಲ್ಲಿಂದಾಚೆಗೆ ನಮ್ಮಲ್ಲಿ ಒಂದರ ಬದಲು ಮೂರು ಅಳತೆಗೋಲು ಬಂದವು. 1972-73ರ ಸಮೀಕ್ಷೆಯಲ್ಲಿ ಅವು ಮೊದಲು ಬಳಕೆಯಾದವು. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಬುದ್ಧಿವಂತಿಕೆಯ ಕೆಲಸ ಅಂದರೆ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲನೆಯದು ಇಡೀ ವರ್ಷದ ಅಳತೆ. ಕಳೆದ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ. ಅದರ ಜೊತೆಗೆ ಉಪಕಸುಬನ್ನೂ ಸೇರಿಸುತ್ತಾರೆ. ಈಗಿನ ನಿಯಮದಂತೆ 30 ದಿನ ದುಡಿದಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಅಂದರೆ ವರ್ಷದಲ್ಲಿ ಹನ್ನೊಂದು ತಿಂಗಳು ಕೆಲಸ ಹುಡುಕಿ, ಒಂದು ತಿಂಗಳು ರಾಗಿ ಕೊಯ್ಲಿಗೆ ಹೋದವನೂ ಉದ್ಯೋಗಿಯೇ.

ಎರಡನೆಯದು ವಾರದ ಅಳತೆ. ಕಳೆದ ಏಳು ದಿನಗಳಲ್ಲಿ ಯಾವತ್ತಾದರೂ ಒಂದು ದಿನ, ಒಂದು ಗಂಟೆ ಕೆಲಸ ಮಾಡಿದ್ದರೆ ಸಾಕು. ಶುರುವಿನಲ್ಲಿ ಹೇಳಿದ ಶೇ 3.2 ವರ್ಷದ ಅಳತೆಯದು, ಶೇ 4.9 ವಾರದ ಅಳತೆಯದು.

ಮೂರನೆಯದು ದಿನದ ಅಳತೆ. ವಾರವನ್ನು ಹದಿನಾಲ್ಕು ಅರ್ಧ ದಿನಗಳಾಗಿ ಸೀಳುತ್ತಾರೆ. ನಾಲ್ಕು ಗಂಟೆ ದುಡಿದರೆ ಪೂರ್ತಿ ದಿನ, ಅದಕ್ಕಿಂತ ಕಮ್ಮಿಯಾದರೆ ಅರ್ಧ. ಇಲ್ಲಿ ಮನುಷ್ಯರನ್ನು ಎಣಿಸುವುದಿಲ್ಲ, ಅವರ ದಿನಗಳನ್ನು ಎಣಿಸುತ್ತಾರೆ. ಸೋಮವಾರ ಗಾರೆ ಕೆಲಸ ಸಿಕ್ಕಿ, ಮಂಗಳವಾರ ಬೆಳಗ್ಗೆ ಸರ್ಕಲ್‌ನಲ್ಲಿ ನಿಂತು ಬರಿಗೈಲಿ ವಾಪಸಾದವನ ಮಂಗಳವಾರ ಈ ಅಳತೆಗೆ ಸಿಗುತ್ತದೆ. ಉಳಿದೆರಡಕ್ಕೆ ಸಿಗುವುದಿಲ್ಲ.

ವ್ಯತ್ಯಾಸ ಸಣ್ಣದಲ್ಲ. 2004-05ರಲ್ಲಿ ವರ್ಷದ ಅಳತೆ ನಿರುದ್ಯೋಗ ಶೇ 2.3 ಅಂತು. ದಿನದ ಅಳತೆ ಶೇ 8ಕ್ಕೂ ಮೇಲೆ ತೋರಿಸಿತು. 2011-12ರಲ್ಲಿ ಅವು ಶೇ 2.2 ಮತ್ತು 5.6. ಸುದ್ದಿಯ ತಲೆಬರಹಕ್ಕೆ ಹೆಚ್ಚಾಗಿ ಚಿಕ್ಕ ಅಂಕಿಯೇ ಏರಿತು. ಅದರಲ್ಲಿ ಯಾರ ಸಂಚೂ ಬೇಕಿಲ್ಲ, ಸರಳವಾದ ಅಳತೆ ಸರಳವಾಗಿ ಓಡುತ್ತದೆ.

ಈ ಮೂರು ಅಳತೆಗೋಲು ಬಂದ ಹೊತ್ತಿಗೇ ಪಕ್ಕದ ಮಹಾರಾಷ್ಟ್ರದಲ್ಲಿ 1972ರ ಬರ ಬಂದಿತ್ತು. ಅಲ್ಲಿ ಯಾರು ನಿರುದ್ಯೋಗಿ ಅಂತ ಎಣಿಸುವ ಗೋಜಿಗೇ ಹೋಗಲಿಲ್ಲ. ಕಲ್ಲು ಒಡೆಯಲು, ಕೆರೆ ಹೂಳು ತೆಗೆಯಲು ಯಾರು ಬರುತ್ತಾರೋ ಅವರಿಗೆ ಕೆಲಸ. ಬಿಸಿಲಲ್ಲಿ ಬಂದು ನಿಂತವರೇ ಲೆಕ್ಕ. ಆ ಉದ್ಯೋಗ ಖಾತರಿಯೇ ಬೆಳೆದು 2005ರಲ್ಲಿ ದೇಶಕ್ಕೆಲ್ಲ ನೂರು ದಿನದ ಕೆಲಸದ ಕಾಯ್ದೆಯಾಯಿತು. ಅಂಕಿ ತಜ್ಞರ ಜಗಳದಿಂದ ಹೊರಗೆ ಬರುವ ದಾರಿಗಳಲ್ಲಿ ಇದೂ ಒಂದು, ಅಲ್ವಾ?

ಐದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಉದ್ಯೋಗದ ದೊಡ್ಡ ಸಮೀಕ್ಷೆ 2011-12ಕ್ಕೆ ನಿಂತಿತು. 2017ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ಪಿಎಲ್‌ಎಫ್‌ಎಸ್ (ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ) ಅನ್ನುವ ಹೊಸದು ಬಂತು. ಕಾಗದ ಹೋಗಿ ಟ್ಯಾಬ್ ಬಂತು. ಮನೆಗಳನ್ನು ಆರಿಸುವಾಗ ಹತ್ತನೇ ತರಗತಿ ಮುಗಿಸಿದವರು ಎಷ್ಟು ಜನ ಇದ್ದಾರೆ ಅಂತ ನೋಡಿ ಗುಂಪು ಮಾಡುವ ಕ್ರಮವೂ ಬಂತು. ಮೊದಲ ವರ್ಷದ ಫಲಿತಾಂಶ ಶೇ 6.1. ಅದು ಪ್ರಕಟವಾಗುವ ಮೊದಲೇ ಪತ್ರಿಕೆಯಲ್ಲಿ ಸೋರಿತು. ವರದಿಯನ್ನು ತಡೆಹಿಡಿದಿದ್ದಾರೆ ಅಂತ 2019ರ ಜನವರಿಯಲ್ಲಿ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ವರದಿ ಹೊರಬಂದದ್ದು ಚುನಾವಣೆ ಮುಗಿದ ಮೇಲೆ, ಮೇ 31ಕ್ಕೆ. ಆರಿಸುವ ಕ್ರಮ ಬದಲಾಗಿದೆ, ಹಳೆಯದಕ್ಕೆ ಹೋಲಿಸಬೇಡಿ ಅಂತ ಅಧಿಕಾರಿಗಳು ಹೇಳಿದರು. ಆ ಮಾತಿನಲ್ಲಿ ಹುರುಳಿತ್ತು. ಆದರೆ ತಡವಾಗಿ ಬಂದ ಅಂಕಿಯನ್ನು ಯಾರು ನಂಬುತ್ತಾರೆ?

ಆಮೇಲೆ ನಿರುದ್ಯೋಗ ವರ್ಷ ವರ್ಷವೂ ಇಳಿದು ಶೇ 3.2ಕ್ಕೆ ಬಂತು. ಇದೇ ಹೊತ್ತಿಗೆ ಇನ್ನೊಂದು ಅಂಕಿ ಜಿಗಿಯಿತು. 15 ದಾಟಿದ ಹೆಂಗಸರಲ್ಲಿ ಕೆಲಸದಲ್ಲಿರುವವರು ಅಥವಾ ಹುಡುಕುತ್ತಿರುವವರ ಪಾಲು 2017-18ರಲ್ಲಿ ಶೇ 23.3 ಇದ್ದದ್ದು 2023-24ಕ್ಕೆ ಶೇ 41.7 ಆಯಿತು. ಆರು ವರ್ಷಕ್ಕೆ ಇಷ್ಟು ಅಂದರೆ ಯಾರಿಗಾದರೂ ಆಶ್ಚರ್ಯವೇ.

ನಮ್ಮ ಚಿಕ್ಕಮ್ಮನ ಮನೆಗೂ ಒಮ್ಮೆ ಹೀಗೆ ಟ್ಯಾಬ್ ಹಿಡಿದ ಹುಡುಗಿ ಬಂದಿದ್ದಳು. ಆವತ್ತು ನಾನೂ ಅಲ್ಲೇ ಇದ್ದೆ. ‘ಏನು ಕೆಲಸ ಮಾಡ್ತೀರಮ್ಮ?’ ಅಂದಳು. ‘ಏನಿಲ್ಲ ಕಣವ್ವ, ಮನೇಲೇ ಇರ್ತೀನಿ’ ಅಂದರು ಚಿಕ್ಕಮ್ಮ. ಹಾಗಂದ ಮಾತಿಗೆ ಸಮೀಕ್ಷೆಯಲ್ಲಿ ಕೋಡ್ 92, ಮನೆಗೆಲಸ ಮಾತ್ರ. ಹುಡುಗಿ ಬರೆಯುವ ಮೊದಲು ಕೊಟ್ಟಿಗೆ ಕಡೆ ನೋಡಿದಳು. ‘ಹಸು ಯಾರು ನೋಡ್ಕೋತಾರೆ?’ ಎರಡು ಸೀಮೆಹಸು. ಹುಲ್ಲು ಕೊಯ್ದು ತರುವುದು, ಹಿಂಡಿ-ಬೂಸಾ ಕಲಸುವುದು, ಬೆಳಗ್ಗೆ ಐದಕ್ಕೆ ಹಾಲು ಕರೆಯುವುದು ಎಲ್ಲ ಚಿಕ್ಕಮ್ಮನೇ. ಡೇರಿಯ ಪಾಸ್‌ಬುಕ್ ಚಿಕ್ಕಪ್ಪನ ಹೆಸರಲ್ಲಿ. ಅಲ್ಲಿಗೆ ಚಿಕ್ಕಮ್ಮ ಕೋಡ್ 21, ಮನೆ ಕಸುಬಿನಲ್ಲಿ ಸಂಬಳವಿಲ್ಲದ ಸಹಾಯಕಿ. ಒಂದು ಪ್ರಶ್ನೆಯಲ್ಲಿ ಅವರು ಉದ್ಯೋಗಿಯಾದರು. ಮಾರನೇ ದಿನ ಮತ್ತೆ ಐದಕ್ಕೇ ಎದ್ದರು.

ಏರಿಕೆಯೆಲ್ಲ ಬರೀ ಹೀಗೆ ಕೆದಕಿ ಕೇಳಿದ್ದರಿಂದ ಅಂತ ನಾನು ಹೇಳುತ್ತಿಲ್ಲ. ಕೊರೊನಾ ಕಾಲದಲ್ಲಿ ಗಂಡಸರ ದುಡಿಮೆ ಬಿದ್ದು ಹೆಂಗಸರು ಹೊಲಕ್ಕಿಳಿದದ್ದೂ ನಿಜ. ಆದರೆ ಏರಿಕೆ ಎಲ್ಲಿ ಆಗಿದೆ ನೋಡಿ. ಒಟ್ಟು ದುಡಿಯುವವರಲ್ಲಿ ಸ್ವಂತ ಕಸುಬಿನವರು ಶೇ 52.2ರಿಂದ 58.4ಕ್ಕೆ ಹೋದರು. ಅದರೊಳಗೇ ಸಂಬಳವಿಲ್ಲದ ಸಹಾಯಕರು ಶೇ 13.6ರಿಂದ 19.4ಕ್ಕೆ. ತಿಂಗಳ ಸಂಬಳದವರು ಶೇ 22.8ರಿಂದ 21.7ಕ್ಕೆ ಇಳಿದರು. ನಿರುದ್ಯೋಗದ ಅಂಕಿಗಿಂತ ಈ ಸಾಲುಗಳನ್ನು ಓದಬೇಕು ಅಂತ ನನಗನ್ನಿಸುತ್ತದೆ.

ಯಾಕೆಂದರೆ ಬಡವನಿಗೆ ನಿರುದ್ಯೋಗಿಯಾಗಿ ಕೂರುವಷ್ಟು ಅನುಕೂಲ ಇರುವುದಿಲ್ಲ. ಓದದವರಲ್ಲಿ ನಿರುದ್ಯೋಗ ಹೆಚ್ಚೂಕಡಿಮೆ ಇಲ್ಲವೇ ಇಲ್ಲ, 15ರಿಂದ 29ರ ವಯಸ್ಸಿನವರಲ್ಲಿ 2023-24ರಲ್ಲಿ ಶೇ 10.2 ಇತ್ತು. ಅಪ್ಪನ ಅನ್ನ ಇರುವವನು ತಕ್ಕ ಕೆಲಸಕ್ಕೆ ಕಾಯಬಲ್ಲ.

2025ರಿಂದ ಲೆಕ್ಕ ತಿಂಗಳಿಗೊಮ್ಮೆ ಬರುತ್ತಿದೆ, ಅದೂ ವಾರದ ಅಳತೆಯಲ್ಲಿ. ಮೊದಲ ಅಂಕಿ, ಏಪ್ರಿಲ್‌ನದು, ಶೇ 5.1. ‘3.2 ಇದ್ದದ್ದು ಒಂದೇ ಸಲ 5.1 ಆಯಿತಾ?’ ಅಂತ ವಾಟ್ಸಾಪ್‌ನಲ್ಲಿ ಗಲಾಟೆಯೋ ಗಲಾಟೆ. ಆಗಿದ್ದು ಇಷ್ಟೇ, ಅಳತೆಗೋಲು ಬೇರೆ.

ನಮ್ಮ ರಾಜ್ಯದಲ್ಲಿ ಇನ್ನೂ ಒಂದು ಅಳತೆಗೋಲು ಸೇರಿದೆ. 2024ರ ಜನವರಿಯಲ್ಲಿ ಹಣ ಕೊಡಲು ಶುರುಮಾಡಿದ ಯುವನಿಧಿಯಲ್ಲಿ, ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500. ಚಿಕ್ಕಮ್ಮನ ಮಗ ಬಿ.ಕಾಂ. ಮುಗಿಸಿ ಇದನ್ನು ಪಡೆಯುತ್ತಿದ್ದ. ಟ್ಯಾಬ್ ಹಿಡಿದ ಹುಡುಗಿ ಅವನನ್ನೂ ಕೇಳಿದ್ದಳು. ಸಂಜೆ ಹಾಲು ಕರೆದು ಡೇರಿಗೆ ಹಾಕುವುದು ಅವನೇ ಅಂತ ಗೊತ್ತಾಗಿ ಅವನಿಗೂ 21 ಬಿತ್ತು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಡೇರಿ ಹತ್ತಿರ ಸಿಗುತ್ತದೆ. ಯುವನಿಧಿಗೆ ಸ್ವಯಂ ಘೋಷಣೆ ಕೊಡುವ ದಿನ ಬಂದಾಗ ಹಾಲಿನ ಕ್ಯಾನು ಕೆಳಗಿಟ್ಟು, ಅಲ್ಲೇ ನಿಂತು, ನನಗೆ ಕೆಲಸ ಇಲ್ಲ ಅಂತ ಮೊಬೈಲಲ್ಲಿ ಒತ್ತುತ್ತಿದ್ದ.